ಕಂಪೈಲರ್‌ಗೆ ಸುಳಿವು ಕೊಡುವುದು ಹೇಗೆ? ಮೆಕ್ಕೆಜೋಳದ ಲೆಕ್ಕ ಇಟ್ಟುಕೊಂಡು ಒಂದು ಮಾರ್ಗದರ್ಶಿ

ದಾವಣಗೆರೆ ಸೀಮೆಯಲ್ಲಿ ಮೆಕ್ಕೆಜೋಳದ ಕೊಯ್ಲು ಶುರುವಾದರೆ ಎಪಿಎಂಸಿಯಲ್ಲಿ ಎಲ್ಲರೂ ಕೇಳುವುದು ಒಂದೇ: ತೇವ ಎಷ್ಟು ಬಂತು? ಬೆಂಬಲ ಬೆಲೆಯ ಖರೀದಿಗೆ ತೇವಾಂಶ ಶೇ. 14 ದಾಟಬಾರದು. ದಾಟಿದ ಮಾಲಿನ ತೂಕವನ್ನು ಶೇ. 14ರ ಮಟ್ಟಕ್ಕೆ ತಂದು ನೋಡಲು ಒಂದು ಸುಲಭ ಸೂತ್ರ ಇದೆ. ನೂರರಲ್ಲಿ ತೇವವನ್ನು ಕಳೆದು, ಅದರಿಂದ ತೂಕವನ್ನು ಗುಣಿಸಿ, 86ರಿಂದ ಭಾಗಿಸಬೇಕು. 25 ಕ್ವಿಂಟಾಲ್ ಲಾಟ್‌ನಲ್ಲಿ ತೇವ 17 ಬಂದರೆ 2,500 ಕೆ.ಜಿ. ಹೋಗಿ ಸುಮಾರು 2,412.8 ಕೆ.ಜಿ. ಆಗುತ್ತದೆ. ಕ್ವಿಂಟಾಲ್‌ಗೆ 2,400 ರೂಪಾಯಿಯಂತೆ ಹಿಡಿದರೆ ವ್ಯತ್ಯಾಸ ಎರಡು ಸಾವಿರ ರೂಪಾಯಿ ದಾಟುತ್ತದೆ. ರೈತನಿಗೆ ಅದು ಸಣ್ಣ ಮೊತ್ತ ಅಲ್ಲ.

ಈ ಲೇಖನದ ಉದ್ದಕ್ಕೂ ಇದೇ ಸೂತ್ರ ಇಟ್ಟುಕೊಂಡಿದ್ದೇನೆ. ಹಲವು ವರ್ಷಗಳ, ಲಕ್ಷಗಟ್ಟಲೆ ಲಾಟ್‌ಗಳ ಮೇಲೆ ಈ ಲೆಕ್ಕ ಓಡಿಸುವ ಒಂದು ಸಿ ಪ್ರೋಗ್ರಾಂ ಇದೆ ಎಂದುಕೊಳ್ಳಿ. ಅದು ಬೇಗ ಓಡಬೇಕು, ಆದರೆ ಉತ್ತರ ಒಂದು ಪೈಸೆಯೂ ತಪ್ಪಬಾರದು. ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳ ಹುಡುಗರು ಪ್ರಾಜೆಕ್ಟ್ ಹೊತ್ತಿನಲ್ಲಿ ಕೇಳುವ ಪ್ರಶ್ನೆ ಒಂದಿದೆ: "ಸರ್, ಏನ್ ಕೀವರ್ಡ್ ಹಾಕಿದ್ರೆ ಫಾಸ್ಟ್ ಆಗುತ್ತೆ?" ಉತ್ತರ ಕೀವರ್ಡ್‌ನಿಂದ ಶುರುವಾಗುವುದಿಲ್ಲ. ಎಲ್ಲಿಂದ ಶುರುವಾಗುತ್ತದೆ ಎಂದು ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ.

ನಾವು ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವುದು ಕಂಪೈಲರ್. ಉದಾಹರಣೆಗಳು ಜಿಸಿಸಿ ಎಂಬ ಕಂಪೈಲರ್‌ನವು. ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರ್‌ನಲ್ಲೂ ಹೆಚ್ಚಿನವು ಹಾಗೇ ನಡೆಯುತ್ತವೆ. ಕಮಾಂಡ್‌ಗಳನ್ನೂ, ಕಂಪೈಲರ್‌ಗೆ ಕೊಡುವ ಆಯ್ಕೆಗಳಾದ ಫ್ಲ್ಯಾಗ್‌ಗಳನ್ನೂ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ, ಫ್ಲ್ಯಾಗ್ ಆದರೆ ಮುಂದೆ ಒಂದು ಅಡ್ಡಗೀಟು ಹಾಕಿ.

ಎರಡು ಜಾತಿಯ ಸುಳಿವು

ಕಂಪೈಲರ್‌ಗೆ ಕೊಡುವ ಸುಳಿವುಗಳಲ್ಲಿ ಎರಡು ಜಾತಿ. ಮೊದಲನೆಯದು ಬರೀ ಕೋರಿಕೆ. "ಈ ಫಂಕ್ಷನ್ ಒಳಗೆ ಸೇರಿಸಿಕೋ", "ಈ ದಾರಿಯಲ್ಲೇ ಜಾಸ್ತಿ ಸಲ ಹೋಗುತ್ತದೆ" ಎನ್ನುವಂಥವು. ಕಂಪೈಲರ್ ಕೇಳಬಹುದು, ಬಿಡಬಹುದು. ನೀವು ಹೇಳಿದ್ದು ತಪ್ಪಾಗಿದ್ದರೆ ಪ್ರೋಗ್ರಾಂ ಸ್ವಲ್ಪ ನಿಧಾನ ಆಗುತ್ತದೆ, ಅಷ್ಟೇ.

ಎರಡನೆಯದು ಭರವಸೆ. "ಈ ಎರಡು ಪಾಯಿಂಟರ್ (ಮೆಮೊರಿಯ ವಿಳಾಸ) ಒಂದೇ ಜಾಗವನ್ನು ಮುಟ್ಟುವುದಿಲ್ಲ", "ಈ ಸಂಖ್ಯೆ ಯಾವಾಗಲೂ 8ರ ಗುಣಕ". ಇದನ್ನು ಕಂಪೈಲರ್ ಪರೀಕ್ಷೆ ಮಾಡುವುದಿಲ್ಲ, ಕಣ್ಣುಮುಚ್ಚಿ ನಂಬುತ್ತದೆ. ಇದು ತಪ್ಪಾದರೆ ಉತ್ತರವೇ ತಪ್ಪು, ಅದೂ ಸದ್ದಿಲ್ಲದೆ. ಯಾವುದೇ ಸುಳಿವು ಬರೆಯುವ ಮೊದಲು ಅದು ಯಾವ ಜಾತಿಗೆ ಸೇರಿದ್ದು ಎಂದು ಕೇಳಿಕೊಳ್ಳಿ. ಲೇಖನದ ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ.

ಸುಳಿವು ಕೊಡುವ ಆಸೆ ಹಳೆಯದು. ಐಬಿಎಂ 704ಕ್ಕೆ 1957ರಲ್ಲಿ ಬಂದ ಮೊದಲ ಫೋರ್‌ಟ್ರಾನ್‌ನಲ್ಲೇ ಫ್ರೀಕ್ವೆನ್ಸಿ ಎಂಬ ವಾಕ್ಯ ಇತ್ತು. ಯಾವ ಕವಲಿಗೆ ಎಷ್ಟು ಸಲ ಹೋಗುತ್ತದೆ ಎಂದು ಪ್ರೋಗ್ರಾಮರ್ ಅದರಲ್ಲಿ ಹೇಳಬಹುದಿತ್ತು. ಮುಂದೆ ಅದನ್ನು ಭಾಷೆಯಿಂದ ತೆಗೆದರು. ವೇರಿಯಬಲನ್ನು ಪ್ರೊಸೆಸರಿನೊಳಗೇ ಇಟ್ಟುಕೋ ಎನ್ನುವ ಸಿ ಭಾಷೆಯ ರಿಜಿಸ್ಟರ್ ಕೀವರ್ಡ್‌ನ ಕಥೆಯೂ ಹಾಗೇ. ಇವತ್ತಿನ ಕಂಪೈಲರ್‌ಗಳು ಆಪ್ಟಿಮೈಸ್ ಮಾಡುವಾಗ ಅದನ್ನು ಹೆಚ್ಚುಕಡಿಮೆ ಲೆಕ್ಕಕ್ಕೇ ಹಿಡಿಯುವುದಿಲ್ಲ. ಸಿ++17ರಲ್ಲಿ ಅದಕ್ಕಿದ್ದ ಅರ್ಥವನ್ನೇ ತೆಗೆದಿದ್ದಾರೆ. ಆದರೂ ಲ್ಯಾಬ್ ರೆಕಾರ್ಡ್‌ಗಳಲ್ಲಿ ಅದು ಇನ್ನೂ ಓಡಾಡುತ್ತಿದೆ. ಬಿಟ್ಟುಬಿಡಿ.

ಹೆಜ್ಜೆ 1: ಮೊದಲು ಅಳೆಯಿರಿ

ಲಿನಕ್ಸ್‌ನಲ್ಲಿ ಪರ್ಫ್ ರೆಕಾರ್ಡ್ ಓಡಿಸಿ, ಆಮೇಲೆ ಪರ್ಫ್ ರಿಪೋರ್ಟ್ ನೋಡಿ. ಸಮಯ ಎಲ್ಲಿ ಹೋಗುತ್ತಿದೆ ಎಂದು ಫಂಕ್ಷನ್ ಹೆಸರಿನ ಸಮೇತ ತೋರಿಸುತ್ತದೆ. ನಮ್ಮಂಥ ಪ್ರೋಗ್ರಾಂಗಳಲ್ಲಿ ಬಹಳ ಸಲ ಕಾಣುವುದು ಇದು: ಲೆಕ್ಕಕ್ಕಿಂತ ಫೈಲ್ ಓದಿ ಅಕ್ಷರವನ್ನು ಅಂಕಿ ಮಾಡುವುದಕ್ಕೇ ಜಾಸ್ತಿ ಸಮಯ ಹೋಗಿರುತ್ತದೆ. ಹತ್ತರಲ್ಲಿ ಏಳು ಭಾಗ ಅಲ್ಲೇ ಹೋಗುತ್ತಿದ್ದರೆ, ಲೆಕ್ಕದ ಲೂಪ್ ಎಷ್ಟೇ ಚುರುಕಾದರೂ ಒಟ್ಟು ಸಮಯದಲ್ಲಿ ಮೂರು ಭಾಗಕ್ಕಿಂತ ಜಾಸ್ತಿ ಉಳಿಯುವುದಿಲ್ಲ ಅಲ್ವಾ?

ಅಳೆಯುವಾಗ ಮೂರು ವಿಷಯ ಗಮನಿಸಿ. ಒಂದೇ ಸಲ ಓಡಿಸಿ ಅಂಕಿ ಬರೆದುಕೊಳ್ಳಬೇಡಿ. ಪರ್ಫ್ ಸ್ಟ್ಯಾಟ್‌ಗೆ ಆರ್ 10 ಎಂದು ಕೊಟ್ಟರೆ ಹತ್ತು ಸಲ ಓಡಿಸಿ ಸರಾಸರಿಯನ್ನೂ ಏರಿಳಿತವನ್ನೂ ಕೊಡುತ್ತದೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಡಿ. ಬ್ಯಾಟರಿಯಲ್ಲಿ ಪ್ರೊಸೆಸರ್ ವೇಗ ಇಳಿಸಿಕೊಳ್ಳುತ್ತದೆ, ಕರೆಂಟ್ ಹೋದಾಗ ಬಂದ ಅಂಕಿಯನ್ನು ಕರೆಂಟ್ ಇದ್ದಾಗಿನ ಅಂಕಿಯ ಜೊತೆ ಹೋಲಿಸಿದರೆ ಉಪಯೋಗ ಇಲ್ಲ. ಮೂರನೆಯದಾಗಿ, ಲೆಕ್ಕದ ಫಲಿತಾಂಶವನ್ನು ಕೊನೆಗೆ ಪ್ರಿಂಟ್ ಮಾಡಿ. ಯಾರೂ ಬಳಸದ ಫಲಿತಾಂಶ ಎಂದು ಗೊತ್ತಾದರೆ ಕಂಪೈಲರ್ ಲೂಪನ್ನೇ ಅಳಿಸಿಹಾಕುತ್ತದೆ, ನೀವು ಖಾಲಿ ಪ್ರೋಗ್ರಾಂ ಅಳೆಯುತ್ತಾ ಕೂರುತ್ತೀರಿ.

ಇಲ್ಲೇ ಡೇಟಾ ಜೋಡಿಸಿದ ರೀತಿಯನ್ನೂ ನೋಡಿ. ಒಂದು ಲಾಟ್‌ಗೆ ಒಂದು ಸ್ಟ್ರಕ್ಟ್ ಮಾಡಿ, ಅದರಲ್ಲಿ ರೈತರ ಹೆಸರು, ಊರು, ಗಾಡಿ ನಂಬರ್, ತೂಕ, ತೇವ ಎಲ್ಲ ತುಂಬಿದ್ದೀರಿ, ಒಟ್ಟು 128 ಬೈಟ್ ಎಂದುಕೊಳ್ಳಿ. ಲೆಕ್ಕಕ್ಕೆ ಬೇಕಾಗಿರುವುದು ತೂಕ, ತೇವ ಎರಡೇ, 8 ಬೈಟ್. ಸಾಮಾನ್ಯ ಇಂಟೆಲ್, ಎಎಂಡಿ ಪ್ರೊಸೆಸರ್‌ಗಳು ಮೆಮೊರಿಯಿಂದ 64 ಬೈಟ್‌ನ ತುಂಡುಗಳಾಗಿ ತರುತ್ತವೆ. ಅಂದರೆ ತಂದದ್ದರಲ್ಲಿ ಬಹುಪಾಲು ಬಳಸದ ಹೆಸರು, ಊರುಗಳೇ. ತೂಕಕ್ಕೊಂದು ಅರೇ, ತೇವಕ್ಕೊಂದು ಅರೇ ಬೇರೆ ಮಾಡಿದರೆ ಒಂದೊಂದು ತುಂಡಿನಲ್ಲೂ 16 ಫ್ಲೋಟ್‌ಗಳು (4 ಬೈಟ್‌ನ ದಶಾಂಶ ಸಂಖ್ಯೆಗಳು), ಎಲ್ಲವೂ ಬೇಕಾದವೇ. ಈ ಒಂದು ಬದಲಾವಣೆಯ ಮುಂದೆ ಕೆಳಗಿನ ಎಷ್ಟೋ ಸುಳಿವುಗಳು ಸಪ್ಪೆ. ಕಂಪೈಲರ್ ಇದನ್ನು ತಾನಾಗಿ ಮಾಡಿಕೊಡುವುದೂ ಇಲ್ಲ.

ಹೆಜ್ಜೆ 2: ಫ್ಲ್ಯಾಗ್‌ಗಳನ್ನು ಸರಿಮಾಡಿ

ಫ್ಲ್ಯಾಗ್ ಏನೂ ಕೊಡದಿದ್ದರೆ ಜಿಸಿಸಿ ಆಪ್ಟಿಮೈಸ್ ಮಾಡುವುದೇ ಇಲ್ಲ. ಓ2 ಕೊಡಿ, ಆಮೇಲೆ ಓ3 ಕೊಟ್ಟು ಹೋಲಿಸಿ. ಹಲವು ಅಂಕಿಗಳನ್ನು ಒಂದೇ ಸೂಚನೆಯಲ್ಲಿ ಲೆಕ್ಕ ಹಾಕುವುದಕ್ಕೆ ವೆಕ್ಟರೈಸ್ ಮಾಡುವುದು ಎನ್ನುತ್ತಾರೆ. ಜಿಸಿಸಿ 12ರಿಂದ, ಅಂದರೆ 2022ರಿಂದ, ಓ2ನಲ್ಲೂ ಅದು ಸ್ವಲ್ಪ ಮಟ್ಟಿಗೆ ಇದೆ. ಪೂರ್ತಿ ಪ್ರಯತ್ನ ಮಾಡುವುದು ಓ3ನಲ್ಲಿ.

ಮಾರ್ಚ್ ನೇಟಿವ್ ಎಂಬ ಫ್ಲ್ಯಾಗ್ ಕೊಟ್ಟರೆ ಕಂಪೈಲ್ ಮಾಡುತ್ತಿರುವ ಕಂಪ್ಯೂಟರಿಗೇ ಹೊಂದುವ ಕೋಡ್ ಬರುತ್ತದೆ. ಎವಿಎಕ್ಸ್2 ಎಂಬ ಸೂಚನೆಗಳ ಗುಂಪು ಇರುವ ಪ್ರೊಸೆಸರ್ ಆದರೆ ಒಂದೇಟಿಗೆ 8 ಫ್ಲೋಟ್. ಅದಿಲ್ಲದ ಸಾಮಾನ್ಯ 64 ಬಿಟ್ ಕೋಡ್‌ನಲ್ಲಿ 4. ಆದರೆ ಆ ಪ್ರೋಗ್ರಾಂ ತಗೊಂಡುಹೋಗಿ ವೇಬ್ರಿಡ್ಜ್ ಪಕ್ಕದ ಕೋಣೆಯ ಹಳೇ ಕಂಪ್ಯೂಟರಿನಲ್ಲಿ ಓಡಿಸಿದರೆ "ಇಲ್ಲೀಗಲ್ ಇನ್‌ಸ್ಟ್ರಕ್ಷನ್" ಎಂದು ನಿಂತುಬಿಡಬಹುದು. ಪ್ರೋಗ್ರಾಂ ಬೇರೆ ಕಡೆ ಓಡಬೇಕಿದ್ದರೆ ಟಾರ್ಗೆಟ್ ಕ್ಲೋನ್ಸ್ ಎಂಬ ಆಟ್ರಿಬ್ಯೂಟ್ ಹಾಕಿ. ಒಂದೇ ಫಂಕ್ಷನ್‌ನ ಎರಡು ಮೂರು ರೂಪ ತಯಾರಾಗಿ, ಓಡುವ ಹೊತ್ತಿಗೆ ಆ ಯಂತ್ರಕ್ಕೆ ತಕ್ಕದ್ದು ಆಯ್ಕೆಯಾಗುತ್ತದೆ.

ಹೆಜ್ಜೆ 3: ಯಾಕೆ ನಿಂತೆ ಎಂದು ಕಂಪೈಲರನ್ನೇ ಕೇಳಿ

ಈ ಹೆಜ್ಜೆಯನ್ನು ಬಹಳ ಜನ ಹಾರಿಸಿಬಿಡುತ್ತಾರೆ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಹೆಚ್ಚು ಕಲಿಸುವುದು ಇದೇ. ಎಫ್-ಆಪ್ಟ್-ಇನ್ಫೊ-ವೆಕ್-ಮಿಸ್ಡ್ ಎಂಬ ಫ್ಲ್ಯಾಗ್ ಕೊಡಿ. ಯಾವ ಸಾಲಿನ ಲೂಪನ್ನು ವೆಕ್ಟರೈಸ್ ಮಾಡಲಿಲ್ಲ, ಯಾಕೆ ಮಾಡಲಿಲ್ಲ ಎಂದು ಜಿಸಿಸಿ ಬರೆದು ಕೊಡುತ್ತದೆ. ಮಿಸ್ಡ್ ಎನ್ನುವುದನ್ನು ತೆಗೆದರೆ ಎಲ್ಲೆಲ್ಲಿ ಮಾಡಿತು ಎಂಬುದು ಬರುತ್ತದೆ. ಕ್ಲ್ಯಾಂಗ್‌ನಲ್ಲಿ ಇದಕ್ಕೆ ಆರ್-ಪಾಸ್, ಆರ್-ಪಾಸ್-ಮಿಸ್ಡ್ ಎಂಬ ಫ್ಲ್ಯಾಗ್‌ಗಳಿವೆ.

ವರದಿ ಉದ್ದ ಬರುತ್ತದೆ. ಹೆದರಬೇಡಿ. ನಿಮ್ಮ ಬಿಸಿ ಲೂಪಿನ (ಹೆಚ್ಚು ಸಮಯ ತಿನ್ನುವ ಲೂಪಿನ) ಸಾಲಿನ ನಂಬರ್ ಹುಡುಕಿ, ಅಷ್ಟನ್ನೇ ಓದಿ. ಸಾಮಾನ್ಯವಾಗಿ ಸಿಗುವ ಕಾರಣಗಳು ಕೆಲವೇ. "ಕಂಟ್ರೋಲ್ ಫ್ಲೋ ಇನ್ ಲೂಪ್" ಎಂದರೆ ಲೂಪಿನೊಳಗಿನ ಇಫ್ ಅದಕ್ಕೆ ಬಿಡಿಸಲು ಆಗಲಿಲ್ಲ. "ಕ್ಲಾಬರ್ಸ್ ಮೆಮೊರಿ" ಎಂದರೆ ಒಳಗೆ ಯಾವುದೋ ಫಂಕ್ಷನ್ ಕರೆದಿದ್ದೀರಿ, ಅದು ಮೆಮೊರಿಯಲ್ಲಿ ಏನು ಬದಲಿಸುತ್ತದೋ ಕಂಪೈಲರ್‌ಗೆ ಗೊತ್ತಿಲ್ಲ. "ಪಾಸಿಬಲ್ ಅಲಿಯಾಸಿಂಗ್" ಎಂದರೆ ಎರಡು ಪಾಯಿಂಟರ್ ಒಂದೇ ಜಾಗ ತೋರಿಸುತ್ತಿರಬಹುದೆಂಬ ಅನುಮಾನ. ಕಂಪೈಲರ್‌ಗೆ ಯಾವ ವಿಷಯ ಗೊತ್ತಿಲ್ಲ ಎಂಬುದು ಈಗ ನಿಮಗೆ ತಿಳಿಯಿತು. ಆ ಒಂದು ವಿಷಯವನ್ನಷ್ಟೇ ಹೇಳಿದರೆ ಸಾಕು.

ಹೊರಬಂದ ಅಸೆಂಬ್ಲಿ (ಯಂತ್ರದ ಸೂಚನೆಗಳ ಪಟ್ಟಿ) ನೋಡುವ ಧೈರ್ಯ ಇದ್ದರೆ ಬ್ರೌಸರಿನಲ್ಲೇ ಓಡುವ ಕಂಪೈಲರ್ ಎಕ್ಸ್‌ಪ್ಲೋರರ್ ಇದೆ. ಮ್ಯಾಟ್ ಗಾಡ್‌ಬೋಲ್ಟ್ ಅದನ್ನು 2012ರಲ್ಲಿ ಶುರುಮಾಡಿದರು. ನಿಮ್ಮ ಸಾಲಿಗೆ ಯಾವ ಅಸೆಂಬ್ಲಿ ಸಾಲು ಎಂದು ಬಣ್ಣ ಹಚ್ಚಿ ತೋರಿಸುತ್ತದೆ.

ಹೆಜ್ಜೆ 4: ಪಾಯಿಂಟರ್‌ಗಳ ಅನುಮಾನ ಬಗೆಹರಿಸಿ

ನಮ್ಮ ಲೂಪ್ ಹೀಗಿದೆ ಎಂದುಕೊಳ್ಳಿ:

ಐ ಎಂಬುದು 0ಯಿಂದ ಎನ್-1ರವರೆಗೆ:
    ಒಣತೂಕ[ಐ] = ತೂಕ[ಐ] * (100 - ತೇವ[ಐ]) / *ಭಾಜಕ

ಒಣತೂಕ, ತೂಕ, ತೇವ, ಭಾಜಕ ನಾಲ್ಕೂ ಫ್ಲೋಟ್ ಪಾಯಿಂಟರ್‌ಗಳು. ಭಾಜಕದಲ್ಲಿ 86 ಇದೆ, ಅದು ಸೆಟ್ಟಿಂಗ್ ಫೈಲಿನಿಂದ ಬಂದದ್ದು. ಅದು ಲೂಪಿನುದ್ದಕ್ಕೂ ಬದಲಾಗುವುದಿಲ್ಲ ಎಂದು ನಿಮಗೆ ಗೊತ್ತು. ಕಂಪೈಲರ್‌ಗೆ ಗೊತ್ತಿಲ್ಲ. ಒಣತೂಕದ ಅರೇಯ ಯಾವುದೋ ಒಂದು ಖಾನೆಯ ವಿಳಾಸವನ್ನೇ ಯಾರಾದರೂ ಭಾಜಕ ಎಂದು ಕಳಿಸಿದ್ದರೆ? ಆಗ ಒಣತೂಕ ಬರೆದಾಗ ಭಾಜಕವೂ ಬದಲಾಗುತ್ತದೆ. ಮಂಡಿಗೆ ಹೊಸದಾಗಿ ಸೇರಿದ ಗುಮಾಸ್ತ ಪ್ರತಿ ಚೀಟಿಗೂ ಎದ್ದು ಹೋಗಿ ಬೋರ್ಡಿನ ಮೇಲಿನ ರೇಟ್ ನೋಡಿ ಬರುವಂತೆ, ಕಂಪೈಲರ್ ಪ್ರತಿ ಸುತ್ತಿಗೂ 86 ಅನ್ನು ಮೆಮೊರಿಯಿಂದ ಮತ್ತೆ ಓದಬೇಕಾಗುತ್ತದೆ. ಇಲ್ಲವೇ ಲೂಪಿನ ಎರಡು ಪ್ರತಿ ಮಾಡಿ, ಮುಂಚೆ ವಿಳಾಸ ಪರೀಕ್ಷಿಸಿ, ಯಾವುದನ್ನು ಓಡಿಸಬೇಕೆಂದು ತೀರ್ಮಾನಿಸುವ ಕೋಡ್ ಸೇರಿಸಬೇಕಾಗುತ್ತದೆ.

ಇದಕ್ಕೆ ಮೊದಲ ಮದ್ದು ಸುಳಿವೇ ಅಲ್ಲ. ಲೂಪ್ ಶುರುವಾಗುವ ಮುಂಚೆ ಭಾಜಕದ ಬೆಲೆಯನ್ನು ಒಂದು ಲೋಕಲ್ ವೇರಿಯಬಲ್‌ಗೆ ಹಾಕಿಕೊಂಡು ಒಳಗೆ ಅದನ್ನೇ ಬಳಸಿ. ಆ ವೇರಿಯಬಲ್‌ನ ವಿಳಾಸ ಹೊರಗೆ ಯಾರಿಗೂ ಗೊತ್ತಿಲ್ಲ, ಹಾಗಾಗಿ ಅನುಮಾನ ತಾನಾಗಿ ಹೋಯಿತು. ಯಾವ ಭರವಸೆಯನ್ನೂ ಕೊಡಬೇಕಾಗಲಿಲ್ಲ. ಒಟ್ಟು ಮೊತ್ತ ಕೂಡಿಸುವಾಗಲೂ ಹೀಗೇ ಮಾಡಿ. ಪಾಯಿಂಟರ್ ಮೂಲಕ ಪ್ರತಿ ಸುತ್ತಿಗೂ ಕೂಡಿಸಬೇಡಿ, ಲೋಕಲ್ ವೇರಿಯಬಲ್‌ನಲ್ಲಿ ಕೂಡಿಸಿ ಕೊನೆಗೊಮ್ಮೆ ಬರೆಯಿರಿ.

ಅರೇಗಳ ನಡುವಿನ ಅನುಮಾನಕ್ಕೆ ಇದು ಸಾಲದು. ಅಲ್ಲಿಗೆ 1999ರ ಸಿ ಸ್ಟ್ಯಾಂಡರ್ಡ್‌ನಲ್ಲಿ ಬಂದ ರಿಸ್ಟ್ರಿಕ್ಟ್ ಕೀವರ್ಡ್ ಇದೆ. ಒಣತೂಕದ ಪಾಯಿಂಟರಿಗೆ ರಿಸ್ಟ್ರಿಕ್ಟ್ ಹಾಕಿದರೆ ನೀವು ಹೇಳಿದಂತಾಯಿತು: ಈ ಫಂಕ್ಷನ್ ಓಡುವಷ್ಟು ಹೊತ್ತು ಇದರ ಮೂಲಕ ಬರೆಯುವ ಜಾಗವನ್ನು ಬೇರೆ ಪಾಯಿಂಟರಿನಿಂದ ಓದುವುದೂ ಇಲ್ಲ, ಬರೆಯುವುದೂ ಇಲ್ಲ. ಸಿ++ ಸ್ಟ್ಯಾಂಡರ್ಡ್‌ನಲ್ಲಿ ಈ ಕೀವರ್ಡ್ ಇಲ್ಲ. ಹಿಂದೆ ಎರಡು ಅಂಡರ್‌ಸ್ಕೋರ್ ಸೇರಿಸಿದ ರೂಪವನ್ನು ದೊಡ್ಡ ಕಂಪೈಲರ್‌ಗಳೆಲ್ಲ ಒಪ್ಪುತ್ತವೆ.

ಇದು ಎರಡನೇ ಜಾತಿ, ಭರವಸೆ. ಆರು ತಿಂಗಳ ನಂತರ ಇನ್ನೊಬ್ಬರು ಬಂದು ಮೆಮೊರಿ ಉಳಿಸಲೆಂದು ತೂಕದ ಅರೇಯನ್ನೇ ಒಣತೂಕ ಎಂದೂ ಕಳಿಸಬಹುದು. ಉತ್ತರ ಇವತ್ತು ಸರಿ ಬರಬಹುದು, ಕಂಪೈಲರ್ ಅಪ್‌ಡೇಟ್ ಆದ ಮೇಲೆ ತಪ್ಪಬಹುದು. ಇಂಥ ತಪ್ಪನ್ನು, ಪ್ರೋಗ್ರಾಂ ಓಡುವಾಗ ತಪ್ಪು ಹುಡುಕುವ ಸ್ಯಾನಿಟೈಸರ್‌ಗಳು ಹಿಡಿಯುವುದಿಲ್ಲ. ಕಣ್ಣಿಗೆ ಕಾಣುವಂತೆ ಒಂದೇ ಹೆಸರನ್ನು ಎರಡು ಕಡೆ ಕಳಿಸಿದ್ದರೆ ಜಿಸಿಸಿಯ ಡಬ್ಲ್ಯೂ-ರಿಸ್ಟ್ರಿಕ್ಟ್ ಎಚ್ಚರಿಕೆ ಹೇಳುತ್ತದೆ, ಸುತ್ತಿ ಬಳಸಿ ಬಂದದ್ದು ಅದಕ್ಕೂ ಕಾಣುವುದಿಲ್ಲ. ಹಾಗಾಗಿ ಫಂಕ್ಷನ್ ಮೇಲೆ ಕಾಮೆಂಟ್ ಬರೆಯಿರಿ, ಒಳಗೆ ಎರಡು ಅರೇಗಳ ವ್ಯಾಪ್ತಿ ಒಂದರ ಮೇಲೊಂದು ಬಿದ್ದಿಲ್ಲ ಎಂದು ನೋಡುವ ಅಸರ್ಟ್ ಹಾಕಿ.

ಚಿತ್ರ ಸಂಸ್ಕರಣೆ ಮಾಡುವವರಿಗೆ ಒಂದು ಮಾತು. ಕಾಳಿನ ಫೋಟೋ ತೆಗೆದು ಒಡೆದ ಕಾಳು ಎಣಿಸುವ ಪ್ರಾಜೆಕ್ಟ್‌ಗಳಲ್ಲಿ ಪಿಕ್ಸೆಲ್‌ಗಳು ಎಂಟು ಬಿಟ್‌ನವು. ಆ ಟೈಪ್ ಹೆಚ್ಚಿನ ಕಂಪೈಲರ್‌ಗಳಲ್ಲಿ ಕ್ಯಾರ್ ಜಾತಿಯದೇ. ಫ್ಲೋಟ್ ಪಾಯಿಂಟರ್ ಮತ್ತು ಇಂಟ್ ಪಾಯಿಂಟರ್ ಒಂದೇ ಜಾಗ ತೋರಿಸುವುದಿಲ್ಲ ಎಂದು ಕಂಪೈಲರ್ ಟೈಪ್ ನೋಡಿಯೇ ತಿಳಿಯುತ್ತದೆ. ಆದರೆ ಕ್ಯಾರ್ ಪಾಯಿಂಟರ್ ಏನನ್ನು ಬೇಕಾದರೂ ತೋರಿಸಬಹುದು, ಸಿ ನಿಯಮವೇ ಹಾಗಿದೆ. ಆದ್ದರಿಂದ ಪಿಕ್ಸೆಲ್ ಬರೆಯುವ ಲೂಪ್‌ಗಳಲ್ಲಿ ಈ ಅನುಮಾನ ಜಾಸ್ತಿ, ಲೋಕಲ್ ವೇರಿಯಬಲ್‌ನಿಂದಲೂ ರಿಸ್ಟ್ರಿಕ್ಟ್‌ನಿಂದಲೂ ಸಿಗುವ ಲಾಭವೂ ಅಲ್ಲೇ ಜಾಸ್ತಿ.

ಹೆಜ್ಜೆ 5: ದಶಾಂಶದ ಲೆಕ್ಕದಲ್ಲಿ ಅವಸರ ಬೇಡ

ಭಾಗಾಕಾರ ಗುಣಾಕಾರಕ್ಕಿಂತ ನಿಧಾನ. ಹಾಗಿದ್ದರೆ 86ರಿಂದ ಭಾಗಿಸುವ ಬದಲು 1/86ರಿಂದ ಗುಣಿಸಬಹುದಲ್ಲ, ಕಂಪೈಲರ್ ಯಾಕೆ ಹಾಗೆ ಮಾಡುವುದಿಲ್ಲ? ಯಾಕೆಂದರೆ 1/86 ಫ್ಲೋಟ್‌ನಲ್ಲಿ ಕರಾರುವಾಕ್ಕಾಗಿ ಕೂರುವುದಿಲ್ಲ. ಕೊನೆಯ ಅಂಕಿಯಲ್ಲಿ ಉತ್ತರ ಬೇರೆ ಬರಬಹುದು. ನಿಮ್ಮ ಅನುಮತಿ ಇಲ್ಲದೆ ಉತ್ತರ ಬದಲಿಸುವ ಹಕ್ಕು ಕಂಪೈಲರ್‌ಗಿಲ್ಲ.

ಕೂಡುವುದರಲ್ಲೂ ಹೀಗೇ. 0.1, 0.2, 0.3 ಈ ಮೂರನ್ನು ಡಬಲ್‌ನಲ್ಲಿ (8 ಬೈಟ್‌ನ ದಶಾಂಶ ಸಂಖ್ಯೆಯಲ್ಲಿ) ಎಡದಿಂದ ಕೂಡಿದರೆ 0.6000000000000001 ಬರುತ್ತದೆ. ಕೊನೆಯ ಎರಡನ್ನು ಮೊದಲು ಕೂಡಿದರೆ 0.6 ಬರುತ್ತದೆ. ವೆಕ್ಟರೈಸ್ ಮಾಡಬೇಕಾದರೆ ಕೂಡುವ ಕ್ರಮ ಬದಲಿಸಲೇಬೇಕು. ಹಾಗಾಗಿ ಫ್ಲೋಟ್ ಮೊತ್ತದ ಲೂಪ್ ಓ3ನಲ್ಲೂ ಒಂದೊಂದೇ ಅಂಕಿಯಾಗಿ ನಡೆಯುತ್ತದೆ.

ಇಂಟರ್ನೆಟ್‌ನಲ್ಲಿ ಹುಡುಕಿದರೆ ಎಲ್ಲರೂ ಹೇಳುವ ಪರಿಹಾರ ಎಫ್-ಫಾಸ್ಟ್-ಮ್ಯಾತ್ ಫ್ಲ್ಯಾಗ್. ಸುಮ್ನೆ ಹಾಕಬೇಡಿ. ಅದು ಒಂದು ಅನುಮತಿಯಲ್ಲ, ಹಲವು ಅನುಮತಿಗಳ ಗಂಟು. ಅದರೊಳಗೆ "ನ್ಯಾನ್ (ಸಂಖ್ಯೆ ಅಲ್ಲ) ಎಂಬ ಬೆಲೆ ಈ ಪ್ರೋಗ್ರಾಂನಲ್ಲಿ ಬರುವುದೇ ಇಲ್ಲ" ಎಂಬ ಭರವಸೆಯೂ ಸೇರಿದೆ. ತೇವದ ಮೀಟರ್ ಕೆಲಸ ಮಾಡದ ದಿನದ ಖಾನೆಗಳಿಗೆ ನೀವು ನ್ಯಾನ್ ತುಂಬಿದ್ದೀರಿ, ಲೂಪಿನಲ್ಲಿ "ನ್ಯಾನ್ ಇದ್ದರೆ ಬಿಡು" ಎಂದು ಬರೆದಿದ್ದೀರಿ ಎಂದುಕೊಳ್ಳಿ. ಫಾಸ್ಟ್ ಮ್ಯಾತ್ ಹಾಕಿದ ಕೂಡಲೇ ಕಂಪೈಲರ್ ಆ ಪರೀಕ್ಷೆಯನ್ನು ಅಳಿಸಬಹುದು. ನ್ಯಾನ್ ಬರುವುದೇ ಇಲ್ಲ ಎಂದಮೇಲೆ ಪರೀಕ್ಷೆ ಯಾಕೆ? ಆಮೇಲೆ ಒಂದು ಖಾಲಿ ರೀಡಿಂಗ್ ಇಡೀ ಸೀಸನ್ನಿನ ಮೊತ್ತವನ್ನು ನ್ಯಾನ್ ಮಾಡುತ್ತದೆ.

ಬೇಕಾದ ಅನುಮತಿಯನ್ನು ಬೇಕಾದ ಲೂಪಿಗಷ್ಟೇ ಕೊಡುವ ದಾರಿ ಇದೆ. ಲೂಪಿನ ಮೇಲೆ ಪ್ರಾಗ್ಮಾ ಓಎಂಪಿ ಸಿಮ್ಡ್ ಬರೆದು, ರಿಡಕ್ಷನ್ ಎಂದು ಮೊತ್ತದ ವೇರಿಯಬಲ್ ಹೆಸರಿಸಿ, ಎಫ್-ಓಪನ್-ಎಂಪಿ-ಸಿಮ್ಡ್ ಫ್ಲ್ಯಾಗ್ ಕೊಡಿ. "ಈ ಒಂದು ಮೊತ್ತವನ್ನು ಯಾವ ಕ್ರಮದಲ್ಲಾದರೂ ಕೂಡಿಸು" ಎಂದು ಅದರ ಅರ್ಥ. ಲೂಪಿನ ಒಂದು ಸುತ್ತು ಇನ್ನೊಂದನ್ನು ಅವಲಂಬಿಸಿಲ್ಲ ಎಂಬ ಭರವಸೆಯೂ ಅದರಲ್ಲಿ ಸೇರಿದೆ, ಅದು ನಿಜವೇ ಎಂದು ನೋಡಿಕೊಳ್ಳಿ. ಬೇರೆ ಯಾವ ಲೆಕ್ಕವೂ ಬದಲಾಗುವುದಿಲ್ಲ.

ಆದರೆ ತೂಕ, ದುಡ್ಡಿನ ವಿಷಯಕ್ಕೆ ನಾನು ಹೇಳುವುದು ಬೇರೆ. ತೂಕವನ್ನು ಗ್ರಾಂನಲ್ಲಿ, ದುಡ್ಡನ್ನು ಪೈಸೆಯಲ್ಲಿ, 64 ಬಿಟ್ ಪೂರ್ಣಾಂಕವಾಗಿ ಇಟ್ಟುಕೊಳ್ಳಿ. ಪೂರ್ಣಾಂಕವನ್ನು ಯಾವ ಕ್ರಮದಲ್ಲಿ ಕೂಡಿದರೂ ಉತ್ತರ ಒಂದೇ, ಕಂಪೈಲರ್ ಯಾರನ್ನೂ ಕೇಳದೆ ವೆಕ್ಟರೈಸ್ ಮಾಡುತ್ತದೆ. ಫ್ಲೋಟ್‌ನಲ್ಲಿ ಇನ್ನೊಂದು ಅಪಾಯವೂ ಇದೆ. ಮೊತ್ತ 1,67,77,216 ಕೆ.ಜಿ.ಗೆ ಬಂದು ನಿಂತಾಗ ಅದಕ್ಕೆ 1 ಕೆ.ಜಿ. ಕೂಡಿಸಿದರೆ ಉತ್ತರ ಅಷ್ಟೇ ಇರುತ್ತದೆ. 1.67 ಲಕ್ಷ ಕ್ವಿಂಟಾಲ್ ಈ ಭಾಗದ ಮೆಕ್ಕೆಜೋಳಕ್ಕೆ ದೊಡ್ಡ ಅಂಕಿಯೇನಲ್ಲ.

ಹೆಜ್ಜೆ 6: ಯಾವ ಕವಲು ಅಪರೂಪ ಎಂದು ಹೇಳಿ, ಗೊತ್ತಿದ್ದರೆ ಮಾತ್ರ

ಲಿನಕ್ಸ್ ಕರ್ನಲ್ ಕೋಡ್ ಓದಿದವರಿಗೆ ಲೈಕ್ಲಿ, ಅನ್‌ಲೈಕ್ಲಿ ಎಂಬ ಮ್ಯಾಕ್ರೋಗಳು ಗೊತ್ತಿರುತ್ತವೆ. ಅವುಗಳ ಒಳಗಿರುವುದು ಜಿಸಿಸಿಯ ಬಿಲ್ಟಿನ್ ಎಕ್ಸ್‌ಪೆಕ್ಟ್. ಸಿ++20ರಲ್ಲಿ ಇವು ಭಾಷೆಯೊಳಗೇ ಬಂದಿವೆ. ಇವು ಕೋರಿಕೆಯ ಜಾತಿ. ಸಾಮಾನ್ಯ ದಾರಿಯ ಕೋಡನ್ನು ನೇರವಾಗಿ ಜೋಡಿಸಿ, ಅಪರೂಪದ್ದನ್ನು ದೂರ ತಳ್ಳುವಂತೆ ಕಂಪೈಲರ್‌ಗೆ ಹೇಳುತ್ತವೆ. ಪ್ರೊಸೆಸರಿನೊಳಗಿನ ಕವಲು ಊಹಿಸುವ ಭಾಗಕ್ಕೆ ಇದರಿಂದ ಏನೂ ಹೋಗುವುದಿಲ್ಲ. ಆ ಭಾಗ ಓಡುತ್ತಾ ಓಡುತ್ತಾ ತಾನೇ ಕಲಿಯುತ್ತದೆ.

ಪ್ರತಿ ಇಫ್‌ಗೂ ಇದನ್ನು ಅಂಟಿಸುವುದು ಬೇಡ. ದೋಷ ಬಂದಾಗ ಲಾಗ್ ಬರೆಯುವ ಫಂಕ್ಷನ್ ಇರುತ್ತದಲ್ಲ, ಅದಕ್ಕೆ ಕೋಲ್ಡ್ ಎಂಬ ಆಟ್ರಿಬ್ಯೂಟ್ ಹಾಕಿ. ಅದನ್ನು ಕರೆಯುವ ದಾರಿಗಳೆಲ್ಲ ಅಪರೂಪದವು ಎಂದು ಜಿಸಿಸಿ ತಾನೇ ತಿಳಿಯುತ್ತದೆ. ಒಂದು ಕಡೆ ಬರೆದರೆ ನೂರು ಕಡೆ ನಡೆಯುತ್ತದೆ.

ಈಗ ಇನ್ನೊಂದು ಇಫ್ ನೋಡಿ. ತೇವ 14ಕ್ಕಿಂತ ಜಾಸ್ತಿ ಇದ್ದರೆ ಸೂತ್ರ, ಇಲ್ಲದಿದ್ದರೆ ತೂಕ ಹಾಗೇ. ಕೊಯ್ಲಿನ ಹೊತ್ತಿನಲ್ಲಿ ಬರುವ ಲಾಟ್‌ಗಳು 14ರ ಆಚೆ ಈಚೆ ಬೆರೆತಿರುತ್ತವೆ. ಪ್ರೊಸೆಸರ್ ಇಲ್ಲಿ ಬಹಳ ಸಲ ತಪ್ಪು ಊಹಿಸುತ್ತದೆ, ಒಂದೊಂದು ತಪ್ಪಿಗೂ ಸುಮಾರು 15ರಿಂದ 20 ಸೈಕಲ್ ನಷ್ಟ. ಲೈಕ್ಲಿ ಹಾಕಿದರೂ ಅನ್‌ಲೈಕ್ಲಿ ಹಾಕಿದರೂ ಇದು ಸರಿಹೋಗುವುದಿಲ್ಲ, ಯಾಕೆಂದರೆ ಎರಡೂ ನಿಜ ಅಲ್ಲ. ಕವಲನ್ನೇ ತೆಗೆಯಬೇಕು. ಎರಡೂ ಬೆಲೆಗಳನ್ನು ಲೆಕ್ಕ ಹಾಕಿ, ಪ್ರಶ್ನಾರ್ಥಕ ಚಿಹ್ನೆಯ ಆಪರೇಟರಿನಿಂದ ಒಂದನ್ನು ಆರಿಸಿ, ಒಣತೂಕಕ್ಕೆ ಒಂದೇ ಸಲ ಬರೆಯಿರಿ. ಕಂಪೈಲರ್ ಇದನ್ನು ಸಾಮಾನ್ಯವಾಗಿ ಕವಲಿಲ್ಲದ ಕೋಡ್ ಮಾಡುತ್ತದೆ. ಮೂರನೇ ಹೆಜ್ಜೆಯಲ್ಲಿ ಬಂದ "ಕಂಟ್ರೋಲ್ ಫ್ಲೋ" ದೂರು ಹೋಗುವುದೂ ಹೆಚ್ಚಾಗಿ ಹೀಗೇ.

ಹೆಜ್ಜೆ 7: ಇನ್‌ಲೈನ್

ಇಲ್ಲಿ ಹೇಳುವುದು ಕಡಿಮೆ. ಫಂಕ್ಷನ್‌ನ ಕೋಡನ್ನು ಕರೆಯುವ ಜಾಗದೊಳಗೇ ಸೇರಿಸಿಕೋ ಎನ್ನುವ ಇನ್‌ಲೈನ್ ಕೀವರ್ಡ್ ಕೋರಿಕೆ ಮಾತ್ರ, ಕಂಪೈಲರ್ ತನ್ನ ಲೆಕ್ಕಾಚಾರದಂತೆ ನಡೆಯುತ್ತದೆ. ಒಂದೇ ಫೈಲಿನಲ್ಲಿ ಬಳಸುವ ಫಂಕ್ಷನ್‌ಗಳಿಗೆ ಸ್ಟ್ಯಾಟಿಕ್ ಹಾಕಿ. ಹೊರಗಿನವರು ಕರೆಯುವುದಿಲ್ಲ ಎಂದು ಗೊತ್ತಾದರೆ ಅದಕ್ಕೆ ಧೈರ್ಯ ಬರುತ್ತದೆ. ಫೈಲುಗಳ ನಡುವೆಯೂ ಒಳಸೇರಿಸಬೇಕಿದ್ದರೆ ಎಫ್-ಎಲ್‌ಟಿಒ ಫ್ಲ್ಯಾಗ್ ಇದೆ. ಆಲ್ವೇಸ್ ಇನ್‌ಲೈನ್ ಎಂದು ಒತ್ತಾಯ ಮಾಡುವುದನ್ನು ಅಳೆದು ನೋಡಿದ ಮೇಲೆ ಮಾತ್ರ ಮಾಡಿ. ಕೋಡ್ ಉಬ್ಬಿದರೆ ಪ್ರೊಸೆಸರಿನೊಳಗಿನ ವೇಗದ ಚಿಕ್ಕ ಮೆಮೊರಿಯಾದ ಕ್ಯಾಶ್‌ನಲ್ಲಿ ಹಿಡಿಸುವುದಿಲ್ಲ.

ಹೆಜ್ಜೆ 8: "ಇದು ಆಗುವುದೇ ಇಲ್ಲ" ಎಂದು ಹೇಳುವ ಮುನ್ನ

ಬಿಲ್ಟಿನ್ ಅನ್‌ರೀಚಬಲ್ ಎಂದರೆ ಪ್ರೋಗ್ರಾಂ ಈ ಸಾಲಿಗೆ ಎಂದೂ ಬರುವುದಿಲ್ಲ ಎಂಬ ಭರವಸೆ. ಸಿ++23ರಲ್ಲಿ ಅಸ್ಯೂಮ್ ಎಂಬುದೂ ಬಂದಿದೆ. "ಎನ್ ಎಂಬುದು 8ರ ಗುಣಕ ಅಲ್ಲದಿದ್ದರೆ ಅನ್‌ರೀಚಬಲ್" ಎಂದು ಬರೆದರೆ, 8ರ ಗುಂಪು ಮುಗಿದ ಮೇಲೆ ಉಳಿಯುವ ಚಿಲ್ಲರೆ ಅಂಕಿಗಳನ್ನು ನೋಡಿಕೊಳ್ಳುವ ಕೋಡನ್ನು ಕಂಪೈಲರ್ ತೆಗೆಯಬಹುದು. ಒಂದು ದಿನ 8ರ ಗುಣಕವಲ್ಲದ ಎನ್ ಬಂದರೆ? ಲೆಕ್ಕ ಅರೇಯ ಆಚೆಗೂ ಹೋಗಬಹುದು, ಏನಾದರೂ ಆಗಬಹುದು.

ಕೆಲವು ಭರವಸೆಗಳನ್ನು ನಾವು ಗೊತ್ತಿಲ್ಲದೇ ಕೊಟ್ಟಿರುತ್ತೇವೆ. 2009ರಲ್ಲಿ ಲಿನಕ್ಸ್ ಕರ್ನಲ್‌ನ ಟನ್ ಎಂಬ ನೆಟ್‌ವರ್ಕ್ ಡ್ರೈವರ್‌ನಲ್ಲಿ ಹೀಗಾಗಿತ್ತು. ಒಂದು ಪಾಯಿಂಟರ್ ಮೂಲಕ ಮೊದಲು ಓದಿ, ಆಮೇಲೆ ಅದು ನಲ್ ಆಗಿದೆಯೇ ಎಂದು ಪರೀಕ್ಷಿಸಿದ್ದರು. ಓದಿಯಾಗಿದೆ, ಹಾಗಾದರೆ ನಲ್ ಇರಲಾರದು ಎಂದು ತಿಳಿದ ಜಿಸಿಸಿ ಪರೀಕ್ಷೆಯನ್ನು ಅಳಿಸಿತು. ಅದು ಭದ್ರತೆಯ ದೊಡ್ಡ ತೂತಾಯಿತು. ಆಮೇಲೆ ಕರ್ನಲ್‌ನವರು ಇಂಥ ಪರೀಕ್ಷೆಗಳನ್ನು ಅಳಿಸದಂತೆ ತಡೆಯುವ ಫ್ಲ್ಯಾಗ್ ಹಾಕಿದರು.

ಈ ಹೆಜ್ಜೆ ಇಡಲೇಬೇಕಿದ್ದರೆ ಹೀಗೆ ಮಾಡಿ. ಒಂದು ಮ್ಯಾಕ್ರೋ ಬರೆಯಿರಿ. ಡೀಬಗ್ ಬಿಲ್ಡ್‌ನಲ್ಲಿ ಅದು ಅಸರ್ಟ್ ಆಗಲಿ, ಬಿಡುಗಡೆಯ ಬಿಲ್ಡ್‌ನಲ್ಲಿ ಅನ್‌ರೀಚಬಲ್ ಆಗಲಿ. ಡೀಬಗ್ ಬಿಲ್ಡನ್ನು ಅನ್‌ಡಿಫೈನ್ಡ್ ಸ್ಯಾನಿಟೈಸರ್ ಮತ್ತು ಅಡ್ರೆಸ್ ಸ್ಯಾನಿಟೈಸರ್ ಜೊತೆ ನಿಜವಾದ ಡೇಟಾದ ಮೇಲೆ ಓಡಿಸಿ. ಫೈಲಿನಿಂದ, ನೆಟ್‌ವರ್ಕಿನಿಂದ, ಮನುಷ್ಯರ ಕೈಯಿಂದ ಬರುವ ಯಾವ ಬೆಲೆಯ ಮೇಲೂ ಇಂಥ ಭರವಸೆ ಕೊಡಬೇಡಿ. ನೀವೇ ಪರೀಕ್ಷಿಸಿದ ಬೆಲೆಯ ಮೇಲೆ ಮಾತ್ರ ಕೊಡಿ.

ಹೆಜ್ಜೆ 9: ಊಹೆ ಬಿಟ್ಟು ಪ್ರೊಫೈಲ್ ಕೊಡಿ

ಕವಲು, ಇನ್‌ಲೈನ್, ಬಿಸಿ ಫಂಕ್ಷನ್, ಇವನ್ನೆಲ್ಲ ಕೈಯಿಂದ ಬರೆಯುವುದಕ್ಕಿಂತ ಒಳ್ಳೆಯ ದಾರಿ ಇದೆ. ಎಫ್-ಪ್ರೊಫೈಲ್-ಜನರೇಟ್ ಕೊಟ್ಟು ಕಂಪೈಲ್ ಮಾಡಿ. ಆ ಪ್ರೋಗ್ರಾಂ ಅನ್ನು ನಿಜವಾದ ಡೇಟಾದ ಮೇಲೆ ಓಡಿಸಿ. ಯಾವ ದಾರಿಯಲ್ಲಿ ಎಷ್ಟು ಸಲ ಹೋಯಿತೆಂದು ಅದು ಜಿಸಿಡಿಎ ಫೈಲುಗಳಲ್ಲಿ ಬರೆದಿಡುತ್ತದೆ. ಆಮೇಲೆ ಎಫ್-ಪ್ರೊಫೈಲ್-ಯೂಸ್ ಕೊಟ್ಟು ಮತ್ತೆ ಕಂಪೈಲ್ ಮಾಡಿ. ಪೈಥಾನ್ ಇಂಟರ್‌ಪ್ರಿಟರನ್ನು ಎನೇಬಲ್ ಆಪ್ಟಿಮೈಸೇಷನ್ಸ್ ಆಯ್ಕೆಯೊಂದಿಗೆ ಬಿಲ್ಡ್ ಮಾಡಿದಾಗ ಆಗುವುದೂ ಇದೇ.

ಯಾವ ಡೇಟಾ ಕೊಡುತ್ತೀರಿ ಎಂಬುದೇ ಇಲ್ಲಿ ಮುಖ್ಯ. ಮುಂಗಾರು ಮೆಕ್ಕೆಜೋಳ ಮಾರುಕಟ್ಟೆಗೆ ಜೋರಾಗಿ ಬರುವುದು ಅಕ್ಟೋಬರ್ ನಂತರ. ಬೇಸಿಗೆಯ ಒಣ ಲಾಟ್‌ಗಳ ಡೇಟಾ ಮಾತ್ರ ಕೊಟ್ಟು ಪ್ರೊಫೈಲ್ ಮಾಡಿದರೆ, 14 ದಾಟುವ ದಾರಿಯೇ ಅಪರೂಪ ಎಂದು ಕಂಪೈಲರ್ ತಿಳಿಯುತ್ತದೆ. ಸೀಸನ್ನಿನಲ್ಲಿ ಅದೇ ದಾರಿ ನಿಧಾನ ಆಗಬಹುದು. ಪ್ರೊಫೈಲ್ ಕೋರಿಕೆಯ ಜಾತಿ, ಉತ್ತರ ತಪ್ಪುವುದಿಲ್ಲ, ಆದರೆ ಪಟ್ಟ ಶ್ರಮ ದಂಡ. ಇಡೀ ವರ್ಷದಿಂದ ಬೆರೆಸಿ ತೆಗೆದ ಮಾದರಿ ಕೊಡಿ.

ಬೇರೆ ಭಾಷೆಯವರಿಗೆ

ರಸ್ಟ್ ಬರೆಯುವವರಿಗೆ ರಿಸ್ಟ್ರಿಕ್ಟ್‌ನ ಚಿಂತೆ ಕಡಿಮೆ. ಬದಲಿಸಬಹುದಾದ ರೆಫರೆನ್ಸ್ ಇದ್ದಾಗ ಬೇರೆ ರೆಫರೆನ್ಸ್ ಇರುವಂತಿಲ್ಲ ಎಂಬುದು ಭಾಷೆಯ ನಿಯಮವೇ, ಅದನ್ನು ಕಂಪೈಲರ್ ಪರೀಕ್ಷಿಸಿಯೂ ಇರುತ್ತದೆ. ರಸ್ಟ್‌ಗೆ ಯಂತ್ರದ ಕೋಡ್ ತಯಾರಿಸಿಕೊಡುವ ಎಲ್‌ಎಲ್‌ವಿಎಂನಲ್ಲಿ ಸಿಕ್ಕ ದೋಷಗಳಿಂದಾಗಿ ಈ ಮಾಹಿತಿಯನ್ನು ಕೆಳಗೆ ದಾಟಿಸುವುದನ್ನು ರಸ್ಟ್‌ನವರು ಹಲವು ಸಲ ನಿಲ್ಲಿಸಬೇಕಾಯಿತು, 2021ರ 1.54 ಆವೃತ್ತಿಯಲ್ಲಿ ಮತ್ತೆ ಶುರುಮಾಡಿದರು. ಜೂಲಿಯಾದಲ್ಲಿ ಇನ್‌ಬೌಂಡ್ಸ್, ಸಿಮ್ಡ್ ಎಂಬ ಮ್ಯಾಕ್ರೋಗಳಿವೆ, ಇನ್‌ಬೌಂಡ್ಸ್ ಅಪ್ಪಟ ಭರವಸೆ. ಕಾಮನ್ ಲಿಸ್ಪ್‌ನಲ್ಲಿ ಟೈಪ್ ಡಿಕ್ಲೇರ್ ಮಾಡಿ, ವೇಗಕ್ಕೆ 3, ಸುರಕ್ಷತೆಗೆ 0 ಎಂದು ಬರೆಯಬಹುದು. ಆ ಸೊನ್ನೆಯನ್ನು ಇಡೀ ಫೈಲಿಗೆ ಹಾಕಬೇಡಿ, ಬಿಸಿ ಫಂಕ್ಷನ್ ಒಂದಕ್ಕೆ ಹಾಕಿ. ಜಾವಾದವರಿಗೆ ಅದರ ವರ್ಚುವಲ್ ಮೆಷಿನ್ ಹಾಟ್‌ಸ್ಪಾಟ್ ಓಡುವಾಗಲೇ ಪ್ರೊಫೈಲ್ ಮಾಡಿಕೊಳ್ಳುತ್ತದೆ.

ಹೆಜ್ಜೆ 10: ಉಪಯೋಗ ಇಲ್ಲದ್ದನ್ನು ತೆಗೆಯಿರಿ

ಒಂದೊಂದೇ ಸುಳಿವು ಹಾಕಿ, ಒಂದೊಂದಕ್ಕೂ ಅಳೆಯಿರಿ. ಐದು ಒಟ್ಟಿಗೆ ಹಾಕಿದರೆ ಯಾವುದು ಕೆಲಸ ಮಾಡಿತು ಎಂದು ಗೊತ್ತಾಗುವುದಿಲ್ಲ. ಹತ್ತು ಸಲದ ಓಟದ ಏರಿಳಿತಕ್ಕಿಂತ ಲಾಭ ಕಡಿಮೆ ಇದ್ದರೆ ಸುಳಿವನ್ನು ತೆಗೆದುಬಿಡಿ, ಕೋರಿಕೆಯ ಜಾತಿಯದಾದರೂ ತೆಗೆಯಿರಿ. ಭರವಸೆಯ ಜಾತಿಯದಾದರೆ ಎರಡು ಸಲ ಯೋಚಿಸುವ ಅಗತ್ಯವೂ ಇಲ್ಲ.

ಉಳಿಸಿಕೊಂಡದ್ದರ ಪಕ್ಕದಲ್ಲೇ ಕಾಮೆಂಟ್ ಬರೆಯಿರಿ: ಈ ಸುಳಿವು ಯಾಕೆ ನಿಜ, ಯಾವ ಜಿಸಿಸಿ ಆವೃತ್ತಿಯಲ್ಲಿ, ಯಾವ ಪ್ರೊಸೆಸರಿನಲ್ಲಿ ಅಳೆದದ್ದು, ಮೊದಲು ಎಷ್ಟು ಸೆಕೆಂಡ್ ಇತ್ತು, ಆಮೇಲೆ ಎಷ್ಟಾಯಿತು. ಸುಳಿವು ಇರುವ, ಇಲ್ಲದ ಎರಡೂ ಬಿಲ್ಡ್‌ಗಳ ಉತ್ತರವನ್ನು ಒಂದೇ ಡೇಟಾದ ಮೇಲೆ ಹೋಲಿಸುವ ಪರೀಕ್ಷೆಯನ್ನು ಟೆಸ್ಟ್‌ಗಳ ಜೊತೆ ಸೇರಿಸಿ, ಅದರಲ್ಲಿ ಖಾಲಿ ರೀಡಿಂಗ್ ಇರುವ ಲಾಟ್ ಒಂದಿರಲಿ, ತೇವ ಸರಿಯಾಗಿ 14 ಇರುವ ಲಾಟ್ ಒಂದಿರಲಿ, ಲಾಟ್‌ಗಳ ಸಂಖ್ಯೆ 8ರ ಗುಣಕ ಆಗದಿರಲಿ. ಕಂಪೈಲರ್ ಅಪ್‌ಡೇಟ್ ಆದಾಗಲೆಲ್ಲ ಈ ಪರೀಕ್ಷೆಯನ್ನೂ ಅಳತೆಯನ್ನೂ ಮತ್ತೊಮ್ಮೆ ಓಡಿಸಿ.